ನಲವತ್ತಮೂರು ತಿಂಗಳ ಸರ

ಪ್ರೆಸಿಲ್ಲಾ ಬಾಯಿ ಸರ ತಂದುಕೊಟ್ಟ ದಿನ ನನ್ನ ಕಿವಿಯಲ್ಲಿ ಓಲೆ ಇತ್ತು. ಅವರು ಸರವನ್ನು ತೆಗೆದುಕೊಂಡು ಹೋಗಲು ಬಂದ ದಿನ ಓಲೆ ಇರಲಿಲ್ಲ. ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯಲೇ ಇಲ್ಲ.

ಕಾಪು ಪೇಟೆಯಲ್ಲಿ ಟೈಲರ್ ಅಂಗಡಿಯ ಮಗ್ಗುಲಿನ ಕೋಣೆಯಲ್ಲಿ ಕೂತು ಮುತ್ತು, ಹವಳ, ಕರಿಮಣಿ ಪೋಣಿಸುವುದು ನನ್ನ ಕೆಲಸ. ನಲವತ್ತು ವರ್ಷವಾಯಿತು. ಬನ್ನಂಜೆಯ ಚಿನ್ನದ ಅಂಗಡಿಯವರು ಕಳಿಸುವ ಪೊಟ್ಟಣದ ಮೇಲೆ ಚೀಟಿ ಇರುತ್ತದೆ. ಅದನ್ನು ಓದಲಿಕ್ಕೆಂದೇ ನಾನು ರಾತ್ರಿ ಶಾಲೆಗೆ ಹೋದದ್ದು. ನ್ಯಾಚುರಲ್ ಅಂದರೆ ಯಾರೂ ಕೈ ಹಾಕದೆ ಸಮುದ್ರದ ಚಿಪ್ಪಿನಲ್ಲಿ ತಾನಾಗಿ ಆದದ್ದು. ಕಲ್ಚರ್ಡ್ ಅಂದರೆ ಚಿಪ್ಪಿನೊಳಗೆ ಮನುಷ್ಯರು ಒಂದು ಮಣಿ ಇಟ್ಟು ಬೆಳೆಸಿದ್ದು. ಅದೂ ಮುತ್ತೇ, ಸುಳ್ಳಲ್ಲ. ಇಮಿಟೇಶನ್ ಅಂದರೆ ಗಾಜಿಗೆ ಬಣ್ಣ ಬಳಿದದ್ದು. ಹಲ್ಲಿಗೆ ಉಜ್ಜಿದರೆ ಗಾಜು ಜಾರುತ್ತದೆ, ಉಳಿದೆರಡೂ ಹೊಯಿಗೆ-ಮರಳಿನ ಹಾಗೆ ತರಿತರಿ. ಆ ಎರಡರ ಭೇದ ಬೇಕಾದರೆ ತೂತಿನ ಒಳಗೆ ನೋಡಬೇಕು.

ಪ್ರೆಸಿಲ್ಲಾ ಬಾಯಿಯ ಗಂಡ ಲಿಗೋರಿ, ಊರವರು ಮರ್ಯಾದೆಗೆ ಪೊರ್ಬುಗಳು ಎನ್ನುತ್ತಿದ್ದವರು, ಬಹ್ರೇನಿನಲ್ಲಿ ಮೂರು ವರ್ಷ ಏಳು ತಿಂಗಳು ಊರಿಗೆ ಬರಲಾಗದೆ ಉಳಿದಿದ್ದರು. ಪ್ರತಿ ತಿಂಗಳ ಕಾಗದದಲ್ಲೂ ಒಂದು ಮಾತು ಇರುತ್ತಿತ್ತು: ಸಮುದ್ರದಲ್ಲಿ ಮುಳುಗಿ ಮುತ್ತು ಹೆಕ್ಕುವ ಮುದುಕನೊಬ್ಬನಿಂದ ಈ ತಿಂಗಳೂ ನಿನಗೊಂದು ಮುತ್ತು ತೆಗೆದುಕೊಂಡಿದ್ದೇನೆ. ಬಾಯಿ ತಿಂಗಳು ಎಣಿಸಿದ್ದು ಕ್ಯಾಲೆಂಡರಿನಲ್ಲಿ ಅಲ್ಲ. "ಇವತ್ತಿಗೆ ಹನ್ನೊಂದಾಯಿತು ಸರಸಕ್ಕ," ಎಂದು ನನ್ನ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ಕೊನೆಗೆ ಪೊರ್ಬುಗಳು ಬಂದಾಗ ನಲವತ್ತಮೂರಾಗಿತ್ತು.

ಮೊದಲ ಸಲ ಪೋಣಿಸಲು ತಂದದ್ದು ಪೊರ್ಬುಗಳೇ, ಕಾಗದದಲ್ಲಿ ಬಿಡಿಬಿಡಿಯಾಗಿ ಕಟ್ಟಿಕೊಂಡು. ಸೂಜಿ ಹಾಕಿದೆ, ಹೋಗಲಿಲ್ಲ. ತೂತಿನಲ್ಲಿ ಹಳೆಯ ರೇಶ್ಮೆಯ ಎಳೆ ಸಿಕ್ಕಿಕೊಂಡಿತ್ತು. ಮತ್ತೊಂದರಲ್ಲೂ ಹಾಗೆಯೇ. ಕತ್ತರಿಸಿದ ಸರದ ಮುತ್ತುಗಳು, ಎಲ್ಲ ಒಂದೇ ಅಳತೆ. ತೂತಿನ ಬಾಯಲ್ಲಿ ಒಳಗಿನ ಮಣಿ ಬೇರೆ, ಮೇಲಿನ ಸಿಪ್ಪೆ ಬೇರೆ ಕಾಣುತ್ತಿತ್ತು.

ನಾನು ತಲೆ ಎತ್ತಿದೆ. ಅವರ ಮುಖ ಬೆವೆತಿತ್ತು.

"ಬರುವಾಗ ಬೊಂಬಾಯಿಯಲ್ಲಿ ತೆಗೆದುಕೊಂಡದ್ದು ಸರಸಕ್ಕ. ಅವಳು ಅಳುತ್ತಾಳೆಂದು ಮೊದಲ ಸಲ ಹಾಗೆ ಬರೆದೆ. ಮತ್ತೆ ನಿಲ್ಲಿಸಲಿಕ್ಕೆ ಆಗಲಿಲ್ಲ. ದಮ್ಮಯ್ಯ, ಹೇಳಬೇಡಿ."

ಬೊಂಬಾಯಿಯ ಆ ಸರದಲ್ಲಿ ನಲವತ್ತೈದು ಇದ್ದವು. ತಿಂಗಳಿಗೊಂದರಂತೆ ನಲವತ್ತಮೂರನ್ನು ಪೋಣಿಸಿ ಕೊಟ್ಟೆ. ಉಳಿದ ಎರಡನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ವರ್ಷ ಕಳೆದ ಮೇಲೆ ಅವನ್ನು ತಂತಿಗೆ ಹಾಕಿ ಓಲೆ ಮಾಡಿಕೊಂಡೆ. ಇಪ್ಪತ್ತೇಳು ವರ್ಷ ಅವು ನನ್ನ ಕಿವಿಯಲ್ಲೇ ಇದ್ದವು.

ಪೊರ್ಬುಗಳು ತೀರಿಹೋದ ಮೇಲೆ ಬಾಯಿ ಸರ ತೆಗೆದು, ನುಸಿಗುಳಿಗೆ ಹಾಕಿದ ಕಪಾಟಿನಲ್ಲಿ ಇಟ್ಟರು. ಒಂಬತ್ತು ವರ್ಷ. ಈಗ ಮೊಮ್ಮಗಳು ರೇಚಲಳಿಗೆ ಕಾರ್ಕಳದಲ್ಲಿ ಮದುವೆ. ಹೊಸ ದಾರಕ್ಕೆ ಪೋಣಿಸಿ ಕೊಡಿ ಎಂದು ತಂದಿದ್ದರು. ಬಿಚ್ಚಿ ನೋಡಿದರೆ ಎಲ್ಲ ಹಳದಿಯಾಗಿವೆ. ಎರಡರ ಸಿಪ್ಪೆಯಂತೂ ಎದ್ದು, ಒಳಗಿನ ಬಿಳಿ ಮಣಿ ಕಾಣುತ್ತಿತ್ತು. ಬಾಯಿ ನೋಡಿದರೆ ಕೇಳುತ್ತಾರೆ. ತೆಗೆದುಬಿಟ್ಟರೆ ಎಣಿಸುತ್ತಾರೆ, ಬೆರಳಿನಲ್ಲಿ ಒಂದೊಂದೇ ಸರಿಸಿ ಜಪಸರದ ಹಾಗೆ. ನಾನು ಕನ್ನಡಿ ನೋಡಿಕೊಂಡು ಓಲೆ ಬಿಚ್ಚಿದೆ. ಒಂದೊಂದು ಮುತ್ತಿನ ನಡುವೆಯೂ ಗಂಟು ಹಾಕುತ್ತಾ, ಸಿಪ್ಪೆ ಎದ್ದವುಗಳ ಬದಲು ಓಲೆಯ ಎರಡನ್ನು ಹಿಂದೆ ಕೊಂಡಿಯ ಹತ್ತಿರ ಸೇರಿಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಬಾಯಿ ಬಂದು ಎಣಿಸಿದರು. ನಲವತ್ತೊಂದರಲ್ಲಿ ಬೆರಳು ನಿಂತಿತು.

"ಇವೆರಡಕ್ಕೆ ಎಂತ ಇಷ್ಟು ಹೊಳಪು?"

"ತೊಳೆದಿದ್ದೇನೆ ಬಾಯಿ."

"ಎರಡನ್ನು ಮಾತ್ರವಾ?" ನಗುತ್ತಾ ಮುಖ ಎತ್ತಿದವರು ನನ್ನ ಕಿವಿ ನೋಡಿದರು. ನಗು ಹೋಯಿತು. "ನಿಮ್ಮ ಓಲೆ ಎಲ್ಲಿ?"

ನನ್ನ ಕೈ ಕಿವಿಗೆ ಹೋಯಿತು.

"ಹೈದರಾಬಾದಿನದ್ದು ಅಂತ ಹೇಳಿದ್ದಿರಿ ಅಲ್ವಾ? ಇವು ಅವೇ. ಅಳತೆ ನನ್ನ ಸರದ್ದೇ ಉಂಟು, ಬಣ್ಣವೂ ಮೊದಲು ಹೀಗೆಯೇ ಇತ್ತು." ಅವರು ಸ್ಟೂಲಿನ ಮೇಲೆ ಕೂತರು. ಆ ಎರಡನ್ನು ಬೆರಳಲ್ಲಿ ಹಿಡಿದು, "ಅವರು ನಿಮಗೂ ಕೊಟ್ಟಿದ್ದರಾ, ಸರಸಕ್ಕ?" ಎಂದರು.

ಯಾವ ಅರ್ಥದಲ್ಲಿ ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ಗೆಳತಿಯ ಗಂಡ, ಗುಟ್ಟಾಗಿ ಕೊಟ್ಟ ಮುತ್ತು. ಸುಮ್ಮನಿದ್ದರೆ ಕಾಗದದ ಮಾತು ನಿಜವಾಗಿ ಉಳಿಯುತ್ತಿತ್ತು, ಆ ಮನುಷ್ಯನ ಮಾನ ಉಳಿಯುತ್ತಿರಲಿಲ್ಲ. ಹೇಳಿದೆ. ಬೊಂಬಾಯಿ, ರೇಶ್ಮೆ ಎಳೆ, ನಲವತ್ತೈದು, ಎಲ್ಲವನ್ನೂ. ಸಿಪ್ಪೆ ಎದ್ದ ಎರಡನ್ನು ಡಬ್ಬಿಯಿಂದ ತೆಗೆದು ತೋರಿಸಿದೆ.

"ಕಲ್ಚರ್ಡ್ ಅಂದರೂ ಮುತ್ತೇ ಬಾಯಿ. ನಕಲಿ ಅಲ್ಲ."

"ಯಾವ ಮುತ್ತು ಅಂತ ನಾನು ಕೇಳಿದೆನಾ?" ಅವರು ಧ್ವನಿ ಎತ್ತಲಿಲ್ಲ. "ಆ ಮುದುಕ ಇರಲಿಲ್ಲ, ಅಲ್ಲವಾ?"

"ಇಲ್ಲ."

"ಅವನಿಗೂ ಸೇರಿಸಿ ನಾನು ಪ್ರಾರ್ಥನೆ ಮಾಡುತ್ತಿದ್ದೆ. ಮುಳುಗಿದವನು ಸರಿಯಾಗಿ ಮೇಲೆ ಬರಲಿ ಅಂತ." ಹೊರಗೆ ಬಸ್ಸಿನವನು ಉಡುಪಿ, ಉಡುಪಿ ಎಂದು ಕೂಗುತ್ತಿದ್ದ. "ಬೇರೆ ಹೆಂಗಸು ಇದ್ದಿದ್ದರೆ ಅವಳ ಮೇಲೆ ಸಿಟ್ಟು ಮಾಡಬಹುದಿತ್ತು. ಎಣಿಸಿದ ನಲವತ್ತಮೂರು ತಿಂಗಳುಗಳ ಮೇಲೆ ಹೇಗೆ ಸಿಟ್ಟು ಮಾಡುವುದು? ಇಷ್ಟು ವರ್ಷ ನನ್ನ ಎದುರು ಕೂತು ಆ ಮುದುಕನ ಕಥೆ ಕೇಳಿದಿರಲ್ಲ ನೀವು, ಒಂದು ದಿನವಾದರೂ..."

ಬಾಯಿ ಸರವನ್ನು ನನ್ನ ಕಡೆಗೆ ಸರಿಸಿದರು.

"ನಿಮ್ಮ ಎರಡನ್ನು ತೆಗೆಯಿರಿ."

"ಕಡಿಮೆ ಆಗುತ್ತದೆ ಬಾಯಿ. ನಲವತ್ತೊಂದು."

"ಆಗಲಿ. ರೇಚಲಳಿಗೆ ಎಣಿಸಲಿಕ್ಕೆ ಎಂತ ಉಂಟು?"

ಗಂಟು ಹಾಕಿದ ಸರದಿಂದ ಎರಡನ್ನು ಮಾತ್ರ ತೆಗೆಯಲು ಬರುವುದಿಲ್ಲ. ಪೂರ್ತಿ ಕತ್ತರಿಸಬೇಕು. ಕತ್ತರಿಸಿದೆ. ಬಟ್ಟಲಿಗೆ ಬೀಳುವ ಸದ್ದು ಮುಗಿಯುವವರೆಗೆ ಬಾಯಿ ನಿಂತಿದ್ದರು, ಮತ್ತೆ ಹೋದರು.

ಮರಳಿ ಪೋಣಿಸಿದ ನಲವತ್ತೊಂದರ ಸರ ಕೊಂಡುಹೋಗಲು ರೇಚಲ್ ಬಂದಳು. ಮದುವೆಯ ಕಾಗದ ಕೊಟ್ಟು, "ಅಜ್ಜಿಗೆ ಹುಷಾರಿಲ್ಲ," ಎಂದಳು. ನಾನು ಕಾರ್ಕಳಕ್ಕೆ ಹೋಗಲಿಲ್ಲ.

ಓಲೆಯ ಆ ಎರಡು ಮುತ್ತು ಇಲ್ಲೇ ಬಟ್ಟಲಿನಲ್ಲಿ ಉಂಟು. ಮೈಮೇಲೆ ಇಲ್ಲದ ಮುತ್ತು ಬೇಗ ಒಣಗುತ್ತದೆ, ಎಲ್ಲರಿಗೂ ಹಾಗೆ ಹೇಳುವವಳು ನಾನೇ. ಗೊತ್ತಿದ್ದೂ ತಿರುಗಿ ಕಿವಿಗೆ ಹಾಕಿಲ್ಲ.