ಅರವತ್ತನಾಲ್ಕು ಹಾಳೆ, ಒಂದೇ ತಪ್ಪು

ಮಾಲ್ಡೋವಾದ ಬೆಲ್ತ್ಸಿ ಪಟ್ಟಣದ ವೃತ್ತಿಶಾಲೆಯಲ್ಲಿ ನಾಟಕ ಮುಗಿದಿತ್ತು. ಎಚ್‌ಐವಿ ಬಗ್ಗೆ ಯುವಕರೇ ತಮ್ಮ ಓರಗೆಯವರಿಗಾಗಿ ಆಡಿದ ನಾಟಕ. ನೋಡಿದವರು ಏನು ಕಲಿತರೆಂದು ಅಳೆಯಲು ಬಂದಿದ್ದ ದೂಸ್ಯಾ, ಅವರು ತುಂಬಿಕೊಟ್ಟ ಪ್ರಶ್ನೆಹಾಳೆಗಳನ್ನು ಹಿಡಿದು ವೇದಿಕೆಯ ಅಂಚಿನಲ್ಲಿ ಕೂತಳು. ಪರದೆಯಲ್ಲಿ ಅದೇ ಹಳೆಯ ಧೂಳಿನ ವಾಸನೆ. ಇಪ್ಪತ್ತೆರಡು ವರ್ಷಗಳ ಹಿಂದೆ ಈ ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟುತ್ತಿದ್ದವಳು ಅವಳೇ.

"ಸೂರ್ಯಕಾಂತಿ ಬೀಜ ಕಡೀತಾರೆ, ನಗ್ತಾರೆ, ಮನೆಗೆ ಹೋಗ್ತಾರೆ. ಇದ್ರಿಂದ ರೋಗ ನಿಲ್ಲುತ್ತೇನಮ್ಮ?" ಎಂದ ಶಾಲೆಯ ಮುಖ್ಯಸ್ಥ ಸಿಮಿಯಾನ್. "ನಿನ್ನ ವರದಿ ಸಪ್ಪೆಯಾದ್ರೆ ಮುಂದಿನ ವರ್ಷ ತಂಡಕ್ಕೆ ಬಾಗಿಲು ಬಂದ್."

ಅರವತ್ತನಾಲ್ಕು ಹಾಳೆಗಳಲ್ಲೂ ಉತ್ತರಗಳು ಸರಿಯಿದ್ದವು, ಒಂದು ಪ್ರಶ್ನೆಯನ್ನು ಬಿಟ್ಟು. ಸೊಳ್ಳೆಯಿಂದ ಎಚ್‌ಐವಿ ಹರಡುತ್ತದೆಯೇ? ಎಲ್ಲರೂ 'ಹೌದು' ಎಂದಿದ್ದರು. ಎಲ್ಲರದೂ ಒಂದೇ ತಪ್ಪು ಎಂದರೆ ಯಾರೋ ಹೇಳಿಕೊಟ್ಟಿರಬೇಕು. ದೂಸ್ಯಾ ಮುಖ್ಯ ನಟ ಇಲರಿಯೋನ್‌ನನ್ನು ಕರೆದಳು.

"ಏನೋ, ಉತ್ತರ ಹೇಳ್ಕೊಟ್ಯಾ?"

"ತಾಂತಿ," ಎಂದ ಹುಡುಗ, ಚಿಕ್ಕಮ್ಮನನ್ನು ಕರೆಯುವಂತೆ. "ಪಕ್ಕದವನಿಗೆ ಪಿಸುಗುಟ್ಟದವನನ್ನ ಈ ಶಾಲೇಲಿ ಯಾರಾದ್ರೂ ಗೆಳೆಯ ಅಂತಾರಾ? ತಂಡ ಉಳೀಲಿ ಅಂತ..."

"ಹೇಳ್ಕೊಟ್ಟಿದ್ದೂ ತಪ್ಪು ಕಣೋ! ಸೊಳ್ಳೆಯಿಂದ ಹರಡಲ್ಲ. ಒಟ್ಟಿಗೆ ಉಂಡ್ರೂ, ತಬ್ಕೊಂಡ್ರೂ ಹರಡಲ್ಲ. ಹರಡೋದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಇನ್ನೊಬ್ಬರು ಚುಚ್ಚಿಕೊಂಡ ಸೂಜಿ, ಸೋಂಕಿರೋ ರಕ್ತದಿಂದ, ತಾಯಿಯಿಂದ ಮಗುವಿಗೆ. ಇಷ್ಟೇ."

ಹುಡುಗನ ಕಿವಿ ಕೆಂಪಾಯಿತು. "ಹಂಗೇ ಕೊಟ್ಬಿಡಿ ತಾಂತಿ. ಯಾರಿಗೆ ಗೊತ್ತಾಗುತ್ತೆ?"

ದೂಸ್ಯಾಗೆ ಆಗಿನ ನಾಟಕ ತಂಡದ ಗೆಳೆಯ ಸಾವಾ ನೆನಪಾದ. ಬಿಸಿ ಪ್ಲಚಿಂತಾ ರೊಟ್ಟಿಯನ್ನು ಆರು ತುಂಡು ಮಾಡಿ ಹಂಚುತ್ತಿದ್ದ ಸಾವಾ. "ಪರೀಕ್ಷೆ ಮಾಡಿಸಿಕೊಳ್ಳಿ" ಎನ್ನುವ ವೈದ್ಯನ ಪಾತ್ರ ಅವನದು. ಎಂಥ ದನಿ! ಹಾಲ್ ಎದ್ದು ನಿಲ್ಲುತ್ತಿತ್ತು. ಅವನು ಮಾತ್ರ ಪರೀಕ್ಷೆ ಮಾಡಿಸಿಕೊಳ್ಳಲೇ ಇಲ್ಲ. ಗೊತ್ತಾದಾಗ ತಡವಾಗಿತ್ತು. ಇಪ್ಪತ್ತಾರನೇ ವಯಸ್ಸಿಗೇ ತೀರಿಹೋದ.

"ಚಪ್ಪಾಳೆ ಎಣಿಸಿ ನಾವೂ ಗೆದ್ವಿ ಅಂದ್ಕೊಂಡಿದ್ವಿ," ಎಂದಳು. "ಯಾರು ಪರೀಕ್ಷೆಗೆ ಹೋದ್ರು ಅಂತ ಒಬ್ರೂ ಕೇಳ್ಲಿಲ್ಲ."

ಹಾಳೆಗಳನ್ನು ಬದಿಗಿಟ್ಟಳು. ತಂಡ ಸೊಳ್ಳೆಯ ದೃಶ್ಯವೊಂದನ್ನು ಸೇರಿಸಿ ಮತ್ತೆ ಆಡಿತು. ಎರಡು ತಿಂಗಳ ನಂತರ ನಟರನ್ನು ಹೊರಗೆ ಕಳಿಸಿ, ಅದೇ ಅರವತ್ತನಾಲ್ಕು ಮಂದಿಯನ್ನು ದೂರ ದೂರ ಕೂರಿಸಿ ಮತ್ತೆ ಕೇಳಿದಳು. ನಾಟಕ ಹೋಗದ ಇನ್ನೊಂದು ಶಾಲೆಯಲ್ಲೂ ಕೇಳಿದಳು. ಸೊಳ್ಳೆಯ ಪ್ರಶ್ನೆಗೆ ಇಲ್ಲಿ ಅರವತ್ತನಾಲ್ಕರಲ್ಲಿ ನಲವತ್ತೊಂಬತ್ತು ಸರಿ, ಅಲ್ಲಿ ಅರವತ್ತರಲ್ಲಿ ಇಪ್ಪತ್ತೊಂದು. ಪರೀಕ್ಷಾ ಕೇಂದ್ರದ ನರ್ಸ್ ಹೆಸರು ಹೇಳಲಿಲ್ಲ, ಸಂಖ್ಯೆಯನ್ನಷ್ಟೇ ಕೊಟ್ಟಳು: ಈ ಶಾಲೆಯಿಂದ ಪರೀಕ್ಷೆಗೆ ಬಂದವರು ಹನ್ನೊಂದು, ಅಲ್ಲಿಂದ ಮೂರು.

"ಹನ್ನೊಂದೇನಾ?" ಸಿಮಿಯಾನ್ ಹುಬ್ಬೇರಿಸಿದ.

"ಎರಡೇ ಶಾಲೆ, ಇದರಿಂದಲೇ ಎಲ್ಲಾ ಗೊತ್ತಾಗಲ್ಲ. ಆದ್ರೆ ಈ ಹನ್ನೊಂದು ಪಿಸುಗುಟ್ಟಿ ಬಂದಿದ್ದಲ್ಲ."

"ಸಾವಾ ನಾನು ಪಾಠ ಮಾಡೋ ತರಗತೀಲೇ ಇದ್ದ," ಎಂದ ಸಿಮಿಯಾನ್. ಆಮೇಲೆ ಸಭಾಂಗಣದ ಬೀಗದ ಕೈ ತೆಗೆದು, ಬಾಗಿಲಲ್ಲಿ ನಿಂತಿದ್ದ ಇಲರಿಯೋನ್ ಕೈಗಿಟ್ಟ. "ಬೀಜದ ಸಿಪ್ಪೆ ನೀನೇ ಗುಡಿಸ್ಬೇಕು, ತಿಳೀತಾ?"

ಮೆಟ್ಟಿಲಿಳಿಯುವಾಗ ಹುಡುಗ ಮೆಲ್ಲಗೆ ಹೇಳಿದ: "ತಾಂತಿ, ಹನ್ನೊಂದರಲ್ಲಿ ನಾನೂ ಒಬ್ಬ."

ದೂಸ್ಯಾ ಫಲಿತಾಂಶ ಕೇಳಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟಳು.

ನಿಮ್ಮೂರಲ್ಲೂ ಇಂಥ ನಾಟಕ ನಡೆದರೆ ಚಪ್ಪಾಳೆ ತಟ್ಟಿ, ಎರಡು ತಿಂಗಳಾದ ಮೇಲೆ ಏನು ಬದಲಾಯಿತೆಂದೂ ಕೇಳಿ. ಸಂಶಯವಿದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ಗುಟ್ಟು ಗುಟ್ಟಾಗಿಯೇ ಇರುತ್ತದೆ. ಸೋಂಕಿದ್ದರೂ ದಿನವೂ ಮಾತ್ರೆ ತೆಗೆದುಕೊಂಡು ಬಹುಕಾಲ ಆರೋಗ್ಯವಾಗಿ ಬಾಳಬಹುದು. ಸಾವಾ ಹೋಗದ ಆ ಬಾಗಿಲಿಗೆ ನೀವು ಹೋಗಿ.