ಪಾತ್ರೆಯ ತಳದ ಪಟ್ಟಿ

1986ರ ಸೆಪ್ಟೆಂಬರ್ 14, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆರ್ಲೀನ್ ಟ್ಯಾಡ್‌ಲಾಕ್ ತನ್ನ ಬಾಳೆಹಣ್ಣಿನ ಪುಡಿಂಗನ್ನು ತಕ್ಕಡಿಯ ಮೇಲಿಟ್ಟಳು. ಪಾತ್ರೆ ಸೇರಿ ಆರು ಪೌಂಡ್ ಎರಡು ಔನ್ಸ್. ಅದನ್ನು ಒಂದು ಚೀಟಿಯಲ್ಲಿ ಬರೆದು ಸಕ್ಕರೆ ಡಬ್ಬಿಯ ಕೆಳಗೆ ಸಿಕ್ಕಿಸಿದಳು.

ಪಿಕೆಟ್ ಸ್ಪ್ರಿಂಗ್ಸ್ ಊರಿನ ಕುಡಿಯುವ ನೀರನ್ನು ಇಪ್ಪತ್ತೆರಡು ವರ್ಷಗಳಿಂದ ಪರೀಕ್ಷಿಸುತ್ತಿದ್ದವಳು ಅವಳೇ. ಕ್ಲೋರಿನ್ ಕೋಣೆಯ ಬೀಗದ ಕೈ ಅವಳ ಬಳಿಯೇ ಇರುತ್ತಿತ್ತು. ಇನ್ನು ಮುಂದೆಯೂ ಇರಬೇಕೋ ಬೇಡವೋ ಎಂದು ಊರಿನ ಮಂಡಳಿ ನಾಳೆ ಸಂಜೆ ತೀರ್ಮಾನಿಸಲಿತ್ತು. ಅದಕ್ಕೆ ಕಾರಣ ಒಂದು ಕಾದಂಬರಿ.

ಯಾರೋ ಹೆಸರು ಮರೆಸಿಕೊಂಡು ಬರೆದದ್ದು. ಮಿಸಿಸಿಪ್ಪಿಯ ಒಂದು ಸಣ್ಣ ಊರು. ಅಲ್ಲಿ ನೀರು ಪರೀಕ್ಷಿಸುವ ಅವಿವಾಹಿತೆಯೊಬ್ಬಳು ಚರ್ಚಿನ ಊಟದಲ್ಲಿ ಪುಡಿಂಗ್ ತಿನ್ನಿಸಿ ಸಭೆಯ ಹಿರಿಯರಾದ ಡೀಕನ್‌ಗಳನ್ನು ಒಬ್ಬೊಬ್ಬರನ್ನಾಗಿ ಸಾಯಿಸುತ್ತಾಳೆ. ಪ್ರತಿ ಶವಸಂಸ್ಕಾರದ ಊಟಕ್ಕೂ ಮತ್ತೆ ಅವಳದೇ ಪುಡಿಂಗ್. ಮೊದಲ ವಾರ ಪಿಕೆಟ್ ಸ್ಪ್ರಿಂಗ್ಸ್‌ನಲ್ಲಿ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಎರಡನೇ ವಾರ ಒಬ್ಬೊಬ್ಬರಿಗೂ ಅದರಲ್ಲಿ ತಮ್ಮ ಮುಖ ಕಾಣಿಸಿತು. ಪುಸ್ತಕದಲ್ಲಿರುವ ಮೂಗು ತನ್ನದಲ್ಲವೆಂದು ಡೀಕನ್ ಬಫರ್ಡ್, ಯಾರೂ ಕೇಳದೆಯೇ, ಅಂಚೆ ಕಚೇರಿಯಲ್ಲಿ ನಿಂತು ಸಾರಿದ. ಮೂರನೇ ವಾರ ಎಲ್ಲರ ಕಣ್ಣೂ ಆರ್ಲೀನ್ ಮೇಲೆ ಬಿತ್ತು.

ಅದಕ್ಕೆ ನೂರ ಹನ್ನೆರಡನೇ ಪುಟವೇ ಸಾಕಾಗಿತ್ತು. ಚರ್ಚಿಗೆ ಒಯ್ಯುವ ಪಾತ್ರೆ ಅದಲುಬದಲಾಗದಿರಲೆಂದು ಪಿಕೆಟ್ ಸ್ಪ್ರಿಂಗ್ಸ್‌ನ ಹೆಂಗಸರು ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆಯುತ್ತಾರೆ. ಆರ್ಲೀನ್ ಮಾತ್ರ ಹೆಸರಿನ ಕೆಳಗೆ ಖಾಲಿ ಪಾತ್ರೆಯ ತೂಕವನ್ನೂ ಬರೆಯುತ್ತಿದ್ದಳು. ಪ್ರಯೋಗಾಲಯದಿಂದ ಅಂಟಿದ ಅಭ್ಯಾಸ. ಕಾದಂಬರಿಯ ಕೊಲೆಗಾತಿಯೂ ಬರೆಯುತ್ತಾಳೆ. "ಅದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರತ್ತೆ?" ಎಂದರು ಜನ. ಬರೆದವಳು ಎಂಬಲ್ಲಿಂದ ಮಾಡಿದವಳು ಎಂಬಲ್ಲಿಗೆ ಹೋಗಲು ಅವರಿಗೆ ಹೆಚ್ಚು ದಿನ ಹಿಡಿಯಲಿಲ್ಲ.

ಪಾತ್ರೆ ತೊಳೆಯುವವರಿಗೂ ಗೊತ್ತಿರುತ್ತದೆ, ಎಂದು ಆರ್ಲೀನ್ ಯೋಚಿಸಿದಳು. ಚರ್ಚಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಇಬ್ಬರೇ: ಇಮೋಜೀನ್ ಕ್ರಚರ್ ಮತ್ತು ಡೊವೀ. ಡೊವೀ ಆರ್ಲೀನ್‌ಳ ಸತ್ತ ತಮ್ಮನ ಹೆಂಡತಿ, ಪಕ್ಕದ ಮನೆಯವಳು. ಬರೆದವಳಿಗೆ ವಿಷ ಇರುವುದು ಕಾಗದದ ಮೇಲೆ ಮಾತ್ರ ಎಂದು ಗೊತ್ತಿರುತ್ತದೆ. ಊರೆಲ್ಲ ಹೆದರಿರುವಾಗ ಈ ಪುಡಿಂಗ್ ತಿನ್ನುವವಳು ಅವಳೊಬ್ಬಳೇ.

ಚರ್ಚಿನ ಅಂಗಳದ ಓಕ್ ಮರಗಳ ಕೆಳಗೆ ಊಟದ ಮೇಜು ಹಾಕಿದ್ದರು. ಆರ್ಲೀನ್ ತನ್ನ ಪಾತ್ರೆಯ ಪಕ್ಕದಲ್ಲೇ ನಿಂತಳು.

"ಇವತ್ತೂ ಪುಡಿಂಗೇನಾ, ಮಿಸ್ ಆರ್ಲೀನ್?" ಎಂದ ಬಫರ್ಡ್.

"ಹೂಂ. ಒಂದು ಚಮಚ ಹಾಕ್ಲಾ?"

"ಬೇಡಮ್ಮ, ನಂಗೆ ಸಕ್ಕರೆ ಕಾಯಿಲೆ."

"ಯಾವಾಗಿಂದ?"

"ನೂರ ಹನ್ನೆರಡನೇ ಪುಟದಿಂದ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಸಾಲು ನಕ್ಕಿತು.

ಇಮೋಜೀನ್ ತನ್ನ ಕೋಳಿಯ ತಟ್ಟೆಯನ್ನು ಪುಡಿಂಗ್‌ನಿಂದ ಒಂದು ಮಾರು ದೂರಕ್ಕೆ ಸರಿಸಿದಳು. ಡೊವೀ ಎಲ್ಲರಿಗೂ ಕೇಳುವಂತೆ ಹೇಳಿದಳು: "ಆ ಪುಸ್ತಕ ನಾನು ಮುಟ್ಟೂ ಇಲ್ಲ. ಮೂವತ್ತು ವರ್ಷ ಇವಳ ಕೈ ಅಡುಗೆ ತಿಂದಿದೀನಿ. ಆದ್ರೆ ಇವತ್ತು ಬೇಡ ಕಣ್ರೀ, ನಂಗೂ ಜೀವ ಅನ್ನೋದಿದೆ. ಪಾಪ, ದೇವರು ಇವಳನ್ನ ಚೆನ್ನಾಗಿಟ್ಟಿರಲಿ."

ಆ ಊರಿನಲ್ಲಿ ಆ ಹಾರೈಕೆಯನ್ನು ಬೈಗುಳದ ಜಾಗದಲ್ಲಿ ಬಳಸುತ್ತಿದ್ದರು.

ಎರಡು ಗಂಟೆಯಾದರೂ ಪುಡಿಂಗ್‌ಗೆ ಒಂದು ಚಮಚವೂ ಇಳಿಯಲಿಲ್ಲ. "ಕೊಡಿಲ್ಲಿ, ನೊಣ ಕೂರತ್ತೆ. ಒಳಗೆ ಮುಚ್ಚಿಡ್ತೀನಿ," ಎಂದು ಡೊವೀ ಪಾತ್ರೆಯನ್ನು ಅಡುಗೆಮನೆಗೆ ಒಯ್ದಳು. ಇಮೋಜೀನ್ ಅಷ್ಟು ಹೊತ್ತೂ ಆರ್ಲೀನ್‌ಳ ಕಣ್ಣೆದುರೇ ಮೇಜುಬಟ್ಟೆಗಳನ್ನು ಮಡಿಸುತ್ತಿದ್ದಳು. ಕಾಲು ಗಂಟೆಯ ನಂತರ ಡೊವೀ ಹೊರಬಂದಾಗ ಪಾತ್ರೆಯ ಬಾಯಿಗೆ ಬೆಳ್ಳಿಕಾಗದ ಬಿಗಿಯಾಗಿ ಸುತ್ತಿತ್ತು.

ಮನೆಗೆ ಬಂದ ಮೇಲೆ ಆರ್ಲೀನ್ ಆ ಬೆಳ್ಳಿಕಾಗದ ಬಿಚ್ಚಿ, ಜೊತೆಗೆ ಬಂದಿದ್ದ ಡೊವೀಯ ಎದುರೇ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟಳು. ಮುಳ್ಳು ನಿಲ್ಲುವವರೆಗೆ ಕಾದಳು.

"ಹೊಟ್ಟೆ ಹೇಗಿದೆ, ಡೊವೀ?"

"ಚೆನ್ನಾಗೇ ಇದೆ. ಯಾಕೆ?"

"ಇದರಲ್ಲಿ ವಿಷ ಇಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಡೊವೀ ಮುಳ್ಳನ್ನು ನೋಡಿದಳು, ಸಕ್ಕರೆ ಡಬ್ಬಿಯ ಕೆಳಗಿನ ಚೀಟಿಯನ್ನು ನೋಡಿದಳು. "ಹಸಿವಾಗಿತ್ತು ಕಣೆ. ಅಷ್ಟೇ."

"ಆ ಪುಸ್ತಕದಲ್ಲಿ ನಾನು ಒಂಬತ್ತು ಜನರನ್ನ ಕೊಂದಿದೀನಿ."

"ಏಳು," ಎಂದಳು ಡೊವೀ. "ಇನ್ನಿಬ್ಬರು ತಾವಾಗೇ ಸತ್ತಿದ್ದು."

ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಬಂತು.

"ಅದರಲ್ಲಿ ಎಲ್ಲರಿಗಿಂತ ಬುದ್ಧಿವಂತೆ ನೀನೇ ಕಣೆ," ಎಂದಳು ಡೊವೀ. "ಊರು ಇಷ್ಟು ಪೆದ್ದು ಅಂತ ಗೊತ್ತಿರಲಿಲ್ಲ."

"ಗೊತ್ತಿದ್ದಕ್ಕೇ ನೀನು ಬರೆದಿದ್ದು. ನಾಳೆ ಮಂಡಳಿ ಮುಂದೆ ನೀನು ಹೇಳ್ತೀಯೋ, ನಾನು ಈ ತಕ್ಕಡಿ ಹೊತ್ಕೊಂಡು ಹೋಗ್ಲೋ?"

"ನಾನೇ ಹೇಳ್ತೀನಿ. ಆಣೆಗೂ."

ಆರ್ಲೀನ್ ನಂಬಲಿಲ್ಲ. ಚೀಟಿಯನ್ನು ಎಳೆದುಕೊಂಡು ಬೆಳಗಿನ ಅಂಕಿಯ ಕೆಳಗೆ ಹೊಸದನ್ನು ಬರೆದಳು; ಪಕ್ಕದಲ್ಲಿ ಡೊವೀಯಿಂದ ಸಹಿ ಹಾಕಿಸಿಕೊಂಡಳು. ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ, ಪಾತ್ರೆ ಸೇರಿ ಐದು ಪೌಂಡ್ ಏಳು ಔನ್ಸ್.