ಮಾತ್ರೆ ನುಂಗದ ಶನಿವಾರ

ಪರೀಕ್ಷೆ ಎಂದರೆ ತಯಾರಿ ಮಾಡಿಕೊಂಡೇ ಹೋಗಬೇಕು ಎನ್ನುವ ಜಾಯಮಾನ ವೆಂಕಟಸುಬ್ಬಯ್ಯನವರದು. ಮೈಸೂರಿನಿಂದ ಬಂದು ಮುಂಬಯಿಯ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಮುತ್ತಿನಂಥ ಅಕ್ಷರ ಬರೆದವರು. ಎಪ್ಪತ್ತಾದರೂ ಆ ಚಾಳಿ ಬಿಡಬೇಕಲ್ಲ!

ಘಾಟ್ಕೋಪರಿನ ಅವರ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಪ್ರತಿ ಶನಿವಾರ ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆ ಇರುವವರು ಸೇರುತ್ತಾರೆ. ಕೈಕಾಲು ಆಡಿಸಿ, ಒಂದೆರಡು ಹಾಡು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಅಲ್ಲಿಗೆ ಸಾಧನಾ ಎಂಬ ಹುಡುಗಿ ಸಂಶೋಧನೆಗೆ ಜನ ಹುಡುಕಿಕೊಂಡು ಬಂದಳು. ಡಾಕ್ಟರನ್ನು ಕೇಳಿಕೊಂಡು, ಬೆಳಗಿನ ಮಾತ್ರೆ ನುಂಗದೆ, ಮನೆಯವರೊಬ್ಬರ ಜೊತೆ ಬರಬೇಕು. ಒಂದು ಸಾಲು ಬರೆಯಬೇಕು, ಒಂದು ಕಪ್ ನೀರು ಎತ್ತಬೇಕು. ಅಷ್ಟೇ.

ಅಷ್ಟೇ ಅಂತೆ! ನಾಲ್ಕು ವರ್ಷದಿಂದ ಇವರು ಐದು ಗಂಟೆಗೇ ಎದ್ದು, ಮಾತ್ರೆ ನುಂಗಿ, ಕೈ ಹಿಡಿತಕ್ಕೆ ಬರುವ ತನಕ ಅಡುಗೆಮನೆಯಲ್ಲಿ ಕೂತು, ಆಮೇಲೆ ಕಾಫಿ ಬೆರೆಸಿ ಹೆಂಡತಿ ಅಲಮೇಲುವನ್ನು ಎಬ್ಬಿಸುತ್ತಿದ್ದರು. ಮಾತ್ರೆಯಿಲ್ಲದ ಗಂಡನನ್ನು ಆಕೆ ನೋಡಿಯೇ ಇರಲಿಲ್ಲ. ನೋಡಬಾರದು ಎಂಬುದೇ ಇವರ ಹಟ.

ಹಾಗಾಗಿ ಆ ಶನಿವಾರವೂ ಕದ್ದು ಮಾತ್ರೆ ನುಂಗಿಯೇ ಹೋದರು. ವಾರವೆಲ್ಲ ತಿದ್ದಿದ ಸಾಲನ್ನು ನೆಟ್ಟಗೆ ಬರೆದರು. ಪಕ್ಕದಲ್ಲಿದ್ದ ಅಲಮೇಲು ಹಿಗ್ಗಿಹೋದಳು.

ಮುಂದಿನ ಸರದಿ ನಿಂಗಣ್ಣನದು, ಕಲಬುರ್ಗಿ ಕಡೆಯ ಗೌಂಡಿ. ಕಪ್ ಎತ್ತಿದ್ದೇ ತಡ, ನೀರೆಲ್ಲ ಅಂಗಿಯ ಮೇಲೆ. ಹೆಂಡತಿ ಹಾಲವ್ವ ಸೆರಗಿನಿಂದ ಒರೆಸಿ, "ಇನ್ನೊಮ್ಮಿ ಹಿಡೀರಿ," ಅಂದಳು. ಅವನು ನಗುತ್ತಲೇ ಹಿಡಿದ, ಮತ್ತೆ ಚೆಲ್ಲಿದ.

"ನಿಂಗಣ್ಣ, ಸಂಕೋಚ ಆಗಲ್ವೇನಯ್ಯಾ?" ವೆಂಕಟಸುಬ್ಬಯ್ಯ ಮೆಲ್ಲಗೆ ಕೇಳಿದರು.

"ನಡುಗೂದು ನೋಡಾಕಂತನ ಕರದಾರಲ್ರಿ ಸರ. ಮುಂದ ಬರೋರಿಗರ ಚಲೋ ಔಷಧ ಸಿಗಲಿ."

ವೆಂಕಟಸುಬ್ಬಯ್ಯನವರ ಮುಖ ಸಣ್ಣದಾಯಿತು. ಆ ಬಡಪಾಯಿ ಚೆಲ್ಲಿದ ನೀರಿನ ಲೆಕ್ಕವೂ ತಮ್ಮ ಸುಳ್ಳು ಅಕ್ಷರವೂ ಒಂದೇ ಫೈಲಿಗೆ ಸೇರುವುದೇ? ಸೀದಾ ಸಾಧನಾಳ ಹತ್ತಿರ ಹೋದರು. "ನನ್ನ ಹಾಳೆ ತೆಗೆದುಬಿಡಮ್ಮ. ಮಾತ್ರೆ ತಗೊಂಡು ಬಂದಿದ್ದೀನಿ."

ಸಾಧನಾ ಬೈಯಲಿಲ್ಲ. "ಕೋಯಿ ಬಾತ್ ನಹೀ ಅಂಕಲ್. ನೆಕ್ಸ್ಟ್ ಶನಿವಾರ ಬನ್ನಿ, ಗೋಲಿ ನುಂಗ್ದೇ."

ಮನೆಗೆ ಬಂದ ಮೇಲೆ ಅಲಮೇಲು ಕೇಳಿದಳು, "ಐದು ಗಂಟೆ ಕಾಫಿ ಇದಕ್ಕೇನಾ?"

"ನಿನಗ್ಯಾಕೆ ತೋರಿಸೋದು ಅಂತ," ಎಂದರು. ಆಕೆ ಮಾತ್ರೆ ಡಬ್ಬಿಯನ್ನು ತನ್ನ ದಿಂಬಿನ ಪಕ್ಕಕ್ಕೆ ಎತ್ತಿಟ್ಟುಕೊಂಡಳು. ಇವರಿಗೆ ಅದೇ ಭಯವಾಯಿತು.

ಮುಂದಿನ ಶನಿವಾರ ಕೈ ಅಂಗಿಯ ತೋಳಿನೊಳಗೆ ಹೋಗಲೇ ಇಲ್ಲ. ಗೋಡೆಯ ಕಡೆ ತಿರುಗಿ ನಿಂತರು. ಅಲಮೇಲು ಬಂದು, ಅವರನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಗುಂಡಿ ಹಾಕಿದಳು. ಕಾಫಿಯನ್ನೂ ತಾನೇ ಕುಡಿಸಿದಳು. "ಡಿಕಾಕ್ಷನ್ ನೀರಾಗಿದೆ," ಎಂದರು ಇವರು. "ಅಭ್ಯಾಸ ತಪ್ಪಿಸಿದ್ದು ಯಾರಂತೆ?" ಎಂದಳು ಆಕೆ.

ಹಾಲ್‌ನಲ್ಲಿ ಸಾಧನಾ ಹಾಳೆ ಕೊಟ್ಟಳು. ತಿದ್ದಿದ ಸಾಲು ಬಿಟ್ಟು ಹೆಂಡತಿಯ ಹೆಸರನ್ನೇ ಮತ್ತೆ ಮತ್ತೆ ಬರೆದರು. ಮೊದಲನೆಯದರ ಅಕ್ಷರ ಹೆಸರುಕಾಳಿನಷ್ಟು, ಕೊನೆಯದರದು ಸಾಸಿವೆಯಷ್ಟು. ಬರೆದು ತಲೆ ತಗ್ಗಿಸಿ ಕೂತರು.

ಅಲಮೇಲು ಮಾತ್ರೆ ತೆಗೆದು ಅವರ ಬಾಯಿಗೆ ಹಾಕಿ, ನೀರು ಕುಡಿಸಿ, ಸಾಧನಾಳ ಕಡೆ ತಿರುಗಿದಳು. "ಇದರದ್ದೊಂದು ಜೆರಾಕ್ಸ್ ಕೊಡ್ತೀಯಾಮ್ಮ?"

"ಆ ಕೋಳಿಕಾಲು ಯಾತಕ್ಕೆ?" ಎಂದು ವೆಂಕಟಸುಬ್ಬಯ್ಯ ಸಿಡುಕಿದರು.

"ನಿಮ್ಮ ಮುತ್ತಿನ ಅಕ್ಷರ ಮನೆ ತುಂಬಾ ಇದೆ," ಎಂದಳು ಅಲಮೇಲು. "ಇಂಥದ್ದು ಒಂದೂ ಇಲ್ಲ."